ಸ್ಲೈಡ್ ಸಮಪಾಲು ಮಾಡಿಕೊಂಡರೂ ಪ್ರಾಜೆಕ್ಟ್ ಪ್ರೆಸೆಂಟೇಶನ್ ಕೈಕೊಡುವುದೇಕೆ?

ಪ್ರಶ್ನೆ: ನಾವು ನಾಲ್ವರು ಸೇರಿ ರೋಬೋಟ್ ತೋಳೊಂದನ್ನು ಡಿಸೈನ್ ಮಾಡಿದ್ದೇವೆ. ಪ್ರೆಸೆಂಟೇಶನ್‌ಗೆ 15 ನಿಮಿಷ, ಆಮೇಲೆ ಪ್ರಶ್ನೆಗಳು. ಸ್ಲೈಡುಗಳನ್ನು ಸಮನಾಗಿ ಹಂಚಿಕೊಂಡರೂ ಕೊನೆಯವರಿಗೆ ಸಮಯ ಸಾಲುವುದಿಲ್ಲ. "ಇದನ್ನೇ ಏಕೆ ಆರಿಸಿಕೊಂಡಿರಿ?" ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಎರಡೂ ತೊಂದರೆಗಳ ಬೇರು ಒಂದೇ. ಮೊದಲ ದಿನದಿಂದ ಏನೇನು ಮಾಡಿದಿರೋ ಅದನ್ನೆಲ್ಲ ಅದೇ ಕ್ರಮದಲ್ಲಿ ಒಪ್ಪಿಸುತ್ತಿದ್ದೀರಿ. ಕೇಳುವವರಿಗೆ ಬೇಕಿರುವುದು ನೀವು ತೆಗೆದುಕೊಂಡ ನಿರ್ಧಾರಗಳು ಮತ್ತು ಅವುಗಳಿಗೆ ಕಾರಣ. ಆದ್ದರಿಂದ ಸ್ಲೈಡ್ ಹಂಚುವ ಮೊದಲು ಪ್ರಾಜೆಕ್ಟಿನ ಮೂರು ನಾಲ್ಕು ಮುಖ್ಯ ನಿರ್ಧಾರಗಳನ್ನು ಬರೆದುಕೊಳ್ಳಿ. ಎಷ್ಟು ಕೀಲು, ಯಾವ ಮೋಟರ್, ಯಾವ ವಸ್ತು, ಹಿಡಿಕೆ ಹೇಗೆ? ಯಾವ ನಿರ್ಧಾರದ ಲೆಕ್ಕವನ್ನು ಯಾರು ಮಾಡಿದರೋ ಅವರೇ ಅದನ್ನು ಹೇಳಲಿ.

15 ನಿಮಿಷವಿದ್ದರೆ 13ಕ್ಕೆ ಯೋಜಿಸಿ. ಸಮಸ್ಯೆ ಮತ್ತು ಗುರಿಗಳಿಗೆ 2, ಆಯ್ಕೆಗಳ ಹೋಲಿಕೆಗೆ 3, ಡಿಸೈನ್ ಮತ್ತು ಲೆಕ್ಕಕ್ಕೆ 3, ಪರೀಕ್ಷೆ ಮತ್ತು ಫಲಿತಾಂಶಕ್ಕೆ 4, ಮುಂದಿನ ಕೆಲಸಕ್ಕೆ 1. ಹೆಚ್ಚಿನ ತಂಡಗಳು ಹಿನ್ನೆಲೆಗೇ 5 ನಿಮಿಷ ಸುರಿಯುತ್ತವೆ. ಅದಕ್ಕೆ ಬಲಿಯಾಗುವುದು ಕೊನೆಯಲ್ಲಿ ಬರುವ ಫಲಿತಾಂಶ, ಅಂದರೆ ಎದುರು ಕೂತವರು ಕಾಯುತ್ತಿರುವ ಭಾಗ.

ಆಯ್ಕೆಗಳ ಹೋಲಿಕೆಗೆ ಪ್ಯೂ ಮ್ಯಾಟ್ರಿಕ್ಸ್ ಬಳಸಬಹುದು. ಒಂದು ಡಿಸೈನನ್ನು ಆಧಾರವಾಗಿಟ್ಟುಕೊಂಡು ಉಳಿದವು ಪ್ರತಿ ಮಾನದಂಡದಲ್ಲಿ ಅದಕ್ಕಿಂತ ಮೇಲೋ, ಕೆಳಗೋ, ಸಮವೋ ಎಂದು ಗುರುತು ಹಾಕುವ ಕೋಷ್ಟಕ ಅದು. ಮಾನದಂಡಗಳಿಗೆ ಅವುಗಳ ಮಹತ್ವಕ್ಕೆ ತಕ್ಕಂತೆ ಅಂಕ ಕೊಟ್ಟಿದ್ದರೆ, ಒಂದೆರಡನ್ನು ಬದಲಿಸಿ ಗೆಲ್ಲುವ ಡಿಸೈನ್ ಬದಲಾಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಬದಲಾಗುವುದಾದರೆ ಹಾಗೆಂದು ನೀವೇ ಹೇಳಿ, ಕೊನೆಗೆ ಯಾವ ಕಾರಣಕ್ಕೆ ಆರಿಸಿದಿರಿ ಎಂದು ವಿವರಿಸಿ. ಇಷ್ಟಪಟ್ಟ ಡಿಸೈನ್ ಗೆಲ್ಲಲೆಂದು ಆಮೇಲೆ ಕೂರಿಸಿದ ಅಂಕಗಳು ಎರಡನೇ ಪ್ರಶ್ನೆಗೇ ಬಯಲಾಗುತ್ತವೆ.

ಇನ್ನು ಸ್ಲೈಡ್. "ಮೋಟರ್ ಆಯ್ಕೆ" ಎಂಬ ತಲೆಬರಹ ಏನನ್ನೂ ಹೇಳುವುದಿಲ್ಲ. ನಿಮ್ಮ ತೋಳನ್ನೇ ತೆಗೆದುಕೊಳ್ಳೋಣ. 30 ಸೆಂ.ಮೀ. ಉದ್ದದ ತೋಳು ಅಡ್ಡಕ್ಕೆ ಚಾಚಿದಾಗ ತುದಿಯಲ್ಲಿ 500 ಗ್ರಾಂ ಹೊರೆ ಇದ್ದರೆ ಭುಜದ ಕೀಲಿಗೆ 15 ಕೆ.ಜಿ.-ಸೆಂ.ಮೀ. ಟಾರ್ಕ್ (ತಿರುಗಿಸುವ ಬಲ) ಬೇಕು. ತೋಳಿನದೇ ತೂಕ 200 ಗ್ರಾಂ, ಅದರ ಭಾರಕೇಂದ್ರ ನಡುವಿನಲ್ಲಿ ಎಂದರೆ ಇನ್ನೂ 3, ಒಟ್ಟು 18. ಈ ಎರಡನೆಯದನ್ನು ಮರೆಯುವವರೇ ಹೆಚ್ಚು. ಜೊತೆಗೆ, ಹವ್ಯಾಸಿ ಸರ್ವೋಗಳ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್‌ಗಳ) ಮೇಲೆ ಬರೆದಿರುವುದು ಸಾಮಾನ್ಯವಾಗಿ ಸ್ಟಾಲ್ ಟಾರ್ಕ್, ಅಂದರೆ ಮೋಟರ್ ತಿರುಗದೆ ನಿಂತುಬಿಡುವ ಮಿತಿ. 20ರ ಸರ್ವೋ ಕಾಗದದಲ್ಲಿ ಸಾಕೆನಿಸಿದರೂ ತೋಳನ್ನು ಎತ್ತಲು ಒದ್ದಾಡುತ್ತದೆ, ಬಿಸಿಯಾಗುತ್ತದೆ. ಹಾಗಾಗಿ ತಲೆಬರಹ ಹೀಗಿರಲಿ: "ಭುಜಕ್ಕೆ ಬೇಕಾದದ್ದು 18 ಕೆ.ಜಿ.-ಸೆಂ.ಮೀ., ಆರಿಸಿದ್ದು 35ರ ಸರ್ವೋ." ಕೆಳಗೆ ಬಲಗಳನ್ನು ಗುರುತಿಸಿದ ಒಂದು ಚಿತ್ರ, ಒಂದು ಸಾಲಿನ ಲೆಕ್ಕ. ಬೇರೇನೂ ಬೇಡ.

ಫಲಿತಾಂಶದ ಕೋಷ್ಟಕದಲ್ಲಿ ಗುರಿ, ಅಳೆದಾಗ ಬಂದ ಅಂಕಿ, ಎಷ್ಟು ಸಲ ಅಳೆದಿರಿ ಎಂಬುದು ಏಕಮಾನಗಳ ಸಮೇತ ಇರಲಿ. ಗುರಿ ತಲುಪದ ಸಾಲನ್ನು ದಯವಿಟ್ಟು ಅಳಿಸಬೇಡಿ. ಏಕೆ ತಲುಪಲಿಲ್ಲ ಎಂದು ಕಾರಣ ಸಮೇತ ಹೇಳುವ ತಂಡಕ್ಕೆ ತನ್ನ ಯಂತ್ರ ಅರ್ಥವಾಗಿದೆ ಎಂದು ಕೇಳುವವರಿಗೆ ಗೊತ್ತಾಗುತ್ತದೆ. ಗ್ರಾಫಿನ ಅಕ್ಷಗಳ ಬರಹ 18 ಪಾಯಿಂಟಿಗಿಂತ ಚಿಕ್ಕದಾದರೆ ಹಿಂದಿನ ಸಾಲಿಗೆ ಕಾಣುವುದಿಲ್ಲ. ಕ್ಯಾಡ್ ಚಿತ್ರಕ್ಕೆ (ಕಂಪ್ಯೂಟರಿನಲ್ಲಿ ಬಿಡಿಸಿದ ಡಿಸೈನಿಗೆ) ಬಿಳಿ ಹಿನ್ನೆಲೆ ಕೊಟ್ಟು, ಮಾತಿಗೆ ಸಂಬಂಧಿಸಿದ ಭಾಗಕ್ಕೆ ಮಾತ್ರ ಬಣ್ಣ ಹಾಕಿ.

ಒಬ್ಬರಿಂದ ಒಬ್ಬರಿಗೆ ಮಾತು ದಾಟುವುದು ಮೂರೇ ಸಲ ಇರಲಿ. "ಮುಂದಿನದನ್ನು ಇವರು ಹೇಳುತ್ತಾರೆ" ಎನ್ನುವ ಬದಲು, "ಟಾರ್ಕ್ ಎಷ್ಟೆಂದು ಗೊತ್ತಾಯಿತು; ಆ ಭಾರಕ್ಕೆ ತೋಳು ಎಷ್ಟು ಬಾಗುತ್ತದೆ ಎಂಬುದು ಈಗಿನ ಪ್ರಶ್ನೆ" ಎಂದು ಮುಗಿಸಿದರೆ ಮಾತಿನ ಎಳೆ ಕಡಿಯುವುದಿಲ್ಲ. ಎದ್ದು ನಿಂತು, ದನಿ ತೆಗೆದು, ಗಡಿಯಾರ ಇಟ್ಟುಕೊಂಡು ಕನಿಷ್ಠ ಮೂರು ಸಲ ಅಭ್ಯಾಸ ಮಾಡಿ, ಪ್ರತಿ ದಾಟುವಿಕೆಯ ಸಮಯ ಬರೆದಿಡಿ. ಯಾರ ಪಾಲು ಉದ್ದವಾಗುತ್ತಿದೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಬೇಗ ಬೇಗ ಮಾತಾಡಿ ಸರಿದೂಗಿಸಬೇಡಿ, ಒಂದು ಸ್ಲೈಡ್ ತೆಗೆಯಿರಿ. ತೋಳನ್ನು ಓಡಿಸಿ ತೋರಿಸುವುದಿದ್ದರೆ 30 ಸೆಕೆಂಡಿನ ವಿಡಿಯೋ ಕೈಯಲ್ಲಿರಲಿ. ಸರ್ವೋ ಕೈಕೊಟ್ಟರೆ ಸಭೆಯ ಮುಂದೆ ರಿಪೇರಿಗೆ ಕೂರದೆ ವಿಡಿಯೋ ಹಾಕಿ.

ಪ್ರಶ್ನೆಗಳ ಹೊತ್ತಿಗೆ ಒಬ್ಬರು ನಿರ್ವಾಹಕರಾಗಿರಲಿ. ಅವರು ಪ್ರಶ್ನೆಯನ್ನು ಚಿಕ್ಕದಾಗಿ ಮರುನುಡಿದು, ಆ ಕೆಲಸ ಮಾಡಿದವರಿಗೆ ಒಪ್ಪಿಸಬೇಕು. ಆ ಐದು ಸೆಕೆಂಡಿನಲ್ಲಿ ಉತ್ತರಿಸುವವರಿಗೆ ಯೋಚಿಸಲು ಸಮಯ ಸಿಗುತ್ತದೆ. ಒಬ್ಬರು ಉತ್ತರಿಸಿದ ಮೇಲೆ ಉಳಿದ ಮೂವರೂ ಅದಕ್ಕೆ ಬಾಲ ಸೇರಿಸಬೇಡಿ. ಹೇಳಿದ್ದು ತಪ್ಪಾಗಿದ್ದರೆ ಮಾತ್ರ ತಿದ್ದಿ. ಪೂರ್ತಿ ಲೆಕ್ಕ, ಬಿಟ್ಟುಕೊಟ್ಟ ಡಿಸೈನ್‌ಗಳು, ಖರ್ಚಿನ ಪಟ್ಟಿ ಇವೆಲ್ಲ ಕೊನೆಯ ಸ್ಲೈಡಿನ ಹಿಂದೆ ಹೆಚ್ಚುವರಿಯಾಗಿ ಇರಲಿ. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಸಂಖ್ಯೆ ಒತ್ತಿ ಎಂಟರ್ ಕೊಟ್ಟರೆ ನೇರ ಅಲ್ಲಿಗೇ ಹೋಗುತ್ತದೆ. ಹೆಚ್ಚುವರಿ ಸ್ಲೈಡುಗಳ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ನಿರ್ವಾಹಕರ ಕೈಗೆ ಕೊಡಿ.