ತೆರೆಯ ಮೇಲಿನ ಷರ್ಲಾಕ್ ಹೋಮ್ಸ್: ವಾಟ್ಸನ್ ಕಳೆದುಕೊಂಡ ಕೆಲಸ, ಮರಳಿ ಪಡೆದ ಗೌರವ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳ ಕಾಲೇಜು ಓದುವ ಮಕ್ಕಳಲ್ಲಿ ಕಥೆಗಳ ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಹೆಸರು ಕೇಳದವರು ಕಡಿಮೆ. ಆದರೆ ಆ ಹೆಸರಿನೊಂದಿಗೆ ಕಣ್ಣಿಗೆ ಕಟ್ಟುವ ಮುಖ ಒಬ್ಬೊಬ್ಬರಿಗೆ ಒಂದೊಂದು. ಕೆಲವರಿಗೆ ಅವನು ಮುಷ್ಟಿಕಾಳಗದಲ್ಲಿ ಪಳಗಿದ ರಾಬರ್ಟ್ ಡೌನಿ ಜೂನಿಯರ್, ಕೆಲವರಿಗೆ ಮೊಬೈಲ್ ಹಿಡಿದು ಲಂಡನ್ನಿನ ಬೀದಿಗಳಲ್ಲಿ ಓಡಾಡುವ ಬೆನೆಡಿಕ್ಟ್ ಕಂಬರ್‌ಬ್ಯಾಚ್, ಇನ್ನು ಕೆಲವರಿಗೆ ಎನೋಲಾ ಎಂಬ ತಂಗಿಯ ಅಣ್ಣ. ಅವರಿಗೆ ಪಾಠ ಹೇಳುವ ಮೇಷ್ಟ್ರುಗಳು ಪುಸ್ತಕದಲ್ಲಿ ಕಂಡ ಹೋಮ್ಸ್ ಇವರಾರನ್ನೂ ಹೋಲುವುದಿಲ್ಲ. ಸಿನಿಮಾ ಮತ್ತು ಟಿ.ವಿ.ಯಲ್ಲಿ ಅತಿ ಹೆಚ್ಚು ಬಾರಿ ಚಿತ್ರಿತನಾದ ಸಾಹಿತ್ಯದ ಮಾನವ ಪಾತ್ರವೆಂದು ಗಿನ್ನೆಸ್ ದಾಖಲೆ 2012ರಲ್ಲಿ ಅವನನ್ನು ಗುರುತಿಸಿದಾಗ ಆ ಸಂಖ್ಯೆ 254 ಆಗಿತ್ತು. ಇಷ್ಟೊಂದು ಮುಖಗಳಲ್ಲಿ ಅಸಲಿ ಯಾವುದೆಂದು ಹುಡುಕುತ್ತಾ ಹೋದರೆ ವಾದ ಬೆಳೆಯುತ್ತದೆಯೇ ಹೊರತು ಏನೂ ತಿಳಿಯಾಗುವುದಿಲ್ಲ. ಹೋಮ್ಸ್‌ನ ಪಕ್ಕದಲ್ಲಿ ನಿಂತಿರುವ ಡಾಕ್ಟರ್ ವಾಟ್ಸನ್‌ನ ಕಡೆಗೆ ನೋಟ ತಿರುಗಿಸಿದರೆ ನೂರಿಪ್ಪತ್ತೈದು ವರ್ಷಗಳ ಈ ಚರಿತ್ರೆ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಆರ್ಥರ್ ಕಾನನ್ ಡಾಯ್ಲ್ 1887ರಿಂದ 1927ರವರೆಗೆ ಹೋಮ್ಸ್‌ನ ಮೇಲೆ 4 ಕಾದಂಬರಿಗಳನ್ನೂ 56 ಸಣ್ಣಕಥೆಗಳನ್ನೂ ಬರೆದರು. ಈ 60ರಲ್ಲಿ ನಾಲ್ಕನ್ನು ಬಿಟ್ಟು ಉಳಿದೆಲ್ಲವನ್ನೂ ನಮಗೆ ಹೇಳುವವನು ವಾಟ್ಸನ್. ಅವನು ದಡ್ಡನಲ್ಲ, ಲಂಡನ್ನಿನಲ್ಲಿ ವೈದ್ಯಕೀಯ ಓದಿ, ಸೇನಾ ವೈದ್ಯನಾಗಿ ಬೊಂಬಾಯಿಯಲ್ಲಿ ಹಡಗಿನಿಂದಿಳಿದು, ಆಫ್ಘನ್ ಯುದ್ಧದಲ್ಲಿ ಮೈವಂದ್‌ನ ಕಾಳಗದಲ್ಲಿ ಗುಂಡೇಟು ತಿಂದು ಮರಳಿದವನು. ಓದುಗನಿಗಿರುವಷ್ಟೇ ತಿಳಿವಳಿಕೆ, ಓದುಗನಿಗಿಂತ ಹೆಚ್ಚಿನ ಧೈರ್ಯ ಅವನದು. ಬೇಕರ್ ಸ್ಟ್ರೀಟಿನ ಮನೆಯ ಮೆಟ್ಟಿಲುಗಳನ್ನು ನೂರಾರು ಸಲ ಹತ್ತಿದ್ದರೂ ಅವು ಹದಿನೇಳು ಎಂಬುದು ಅವನಿಗೆ ತಿಳಿದಿಲ್ಲ, ಹೋಮ್ಸ್‌ಗೆ ತಿಳಿದಿದೆ. ಆ ಪ್ರಸಂಗ ಓದಿದವರೆಲ್ಲ ತಮ್ಮ ಮನೆಯ ಮೆಟ್ಟಿಲುಗಳ ಲೆಕ್ಕ ನೆನಪಿಸಿಕೊಳ್ಳಲು ಯತ್ನಿಸಿರುತ್ತಾರೆ. ಹೋಮ್ಸ್‌ನ ಆಕರ್ಷಣೆಯ ಬುಡ ಇಲ್ಲಿದೆ: ವಾಟ್ಸನ್ ಕಂಡದ್ದನ್ನೇ ನಾವೂ ಕಂಡಿದ್ದೇವೆ, ಆದರೂ ಹೋಮ್ಸ್ ವಿವರಿಸುವವರೆಗೆ ಅದರ ಅರ್ಥ ನಮಗೆ ಹೊಳೆದಿರುವುದಿಲ್ಲ.

ತೊಡಕು ಹುಟ್ಟಿದ್ದು ಕಥೆ ಪುಟದಿಂದ ರಂಗಕ್ಕೆ ಬಂದಾಗ. 1899ರಲ್ಲಿ ಅಮೆರಿಕದ ನಟ ವಿಲಿಯಂ ಜಿಲೆಟ್ ಹೋಮ್ಸ್‌ನನ್ನು ನಾಟಕಕ್ಕೆ ತಂದರು, ಸಾವಿರಕ್ಕೂ ಹೆಚ್ಚು ಬಾರಿ ಆ ಪಾತ್ರ ಮಾಡಿದರು. ಹೋಮ್ಸ್‌ನ ಬಾಗಿದ ಪೈಪು ಅವರ ಕೊಡುಗೆ. ಕಿವಿ ಮುಚ್ಚುವ ಟೋಪಿ ಅದಕ್ಕೂ ಮೊದಲೇ ಚಿತ್ರಕಾರ ಸಿಡ್ನಿ ಪ್ಯಾಜೆಟ್‌ರಿಂದ ಬಂದಿತ್ತು. ಆದರೆ ಎಲ್ಲವೂ ಪ್ರೇಕ್ಷಕರ ಕಣ್ಣೆದುರಿಗೇ ನಡೆಯುವ ರಂಗದ ಮೇಲೆ ನಿರೂಪಕನಿಗೆ ಏನು ಕೆಲಸ? ಸಿನಿಮಾ ಬಂದ ಮೇಲೆ ಈ ಪ್ರಶ್ನೆ ಇನ್ನಷ್ಟು ಬಿಗಿಯಾಯಿತು. 1900ರಲ್ಲಿ ಚಿತ್ರೀಕರಿಸಿದ, ಒಂದು ನಿಮಿಷವೂ ಓಡದ ತುಣುಕಿನಿಂದ ಹಿಡಿದು, 1921ರಿಂದ 1923ರವರೆಗೆ ಐಲ್ ನಾರ್ವುಡ್ ನಟಿಸಿದ ಮೂಕಿ ಚಿತ್ರಮಾಲೆಯವರೆಗೆ, ನೋಡುವ ಕೆಲಸವನ್ನು ಕ್ಯಾಮೆರಾ ವಹಿಸಿಕೊಂಡಿತು. ವಾಟ್ಸನ್ ಕೈ ಖಾಲಿ ಮಾಡಿಕೊಂಡು ನಿಂತನು.

ಅವನಿಗೆ ಹೊಸ ಕೆಲಸ ಸಿಕ್ಕಿದ್ದು 1939ರಲ್ಲಿ. ಆ ವರ್ಷದಿಂದ 1946ರವರೆಗೆ ಬ್ಯಾಸಿಲ್ ರಾಥ್‌ಬೋನ್ ಹೋಮ್ಸ್ ಆಗಿ, ನೈಜೆಲ್ ಬ್ರೂಸ್ ವಾಟ್ಸನ್ ಆಗಿ 14 ಚಿತ್ರಗಳು ಬಂದವು. ಮೊದಲೆರಡರ ನಂತರ ಕಥೆ ಎರಡನೆಯ ಮಹಾಯುದ್ಧದ ಕಾಲಕ್ಕೆ ಜಿಗಿದು, ಹೋಮ್ಸ್ ನಾಜಿ ಗೂಢಚಾರರ ಬೆನ್ನು ಹತ್ತಿದನು. ಬ್ರೂಸ್ ಅವರ ವಾಟ್ಸನ್ ಒಳ್ಳೆಯ ಮನಸ್ಸಿನ, ತಡವರಿಸುವ, ಯಾವುದೂ ಬೇಗ ತಿಳಿಯದ ಮುದುಕ. ಜನ ನಕ್ಕರು, ಇಷ್ಟಪಟ್ಟರು. ನಾಯಕನ ಪಕ್ಕದಲ್ಲಿ ಹಾಸ್ಯಗಾರ ಇರುವುದು ತುಮಕೂರು ಸೀಮೆಯವರಿಗೆ ಹೊಸದೇನಲ್ಲ. ಗುಬ್ಬಿ ವೀರಣ್ಣನವರು ಹೆಸರು ಮಾಡಿದ್ದೇ ಹಾಸ್ಯಪಾತ್ರಗಳಲ್ಲಿ. ಆದರೆ ಕಂಪನಿ ನಾಟಕದ ಹಾಸ್ಯಗಾರ ರಂಗದ ಮೇಲಿನ ಎಲ್ಲರಿಗಿಂತ ಚುರುಕಾಗಿರುತ್ತಾನೆ, ಅವನ ಮಾತಿನಿಂದ ನಾಯಕನ ಠೀವಿಯೂ ಪರೀಕ್ಷೆಗೆ ಒಳಗಾಗುತ್ತದೆ. ರಾಥ್‌ಬೋನ್ ಚಿತ್ರಗಳ ವಾಟ್ಸನ್ ಹೋಮ್ಸ್‌ನನ್ನು ದೊಡ್ಡವನನ್ನಾಗಿ ಕಾಣಿಸಲೆಂದೇ ಚಿಕ್ಕವನಾದವನು. ಅಷ್ಟು ಸುಲಭವಾಗಿ ಬೆರಗಾಗುವವನನ್ನು ಬೆರಗುಗೊಳಿಸಲು ಹೋಮ್ಸ್‌ನಂಥವನೇ ಬೇಕಿರಲಿಲ್ಲ. ಆದರೂ ಈ ಅಚ್ಚು ದಶಕಗಳ ಕಾಲ ಉಳಿಯಿತು. 1959ರ ಬಣ್ಣದ ಸಿನಿಮಾದಲ್ಲಿ ಆಂದ್ರೆ ಮೊರೆಲ್, 1979ರಿಂದ 1986ರವರೆಗಿನ ಸೋವಿಯತ್ ಮಾಲಿಕೆಯಲ್ಲಿ ವಿಟಾಲಿ ಸೊಲೊಮಿನ್ ಗಂಭೀರ ವಾಟ್ಸನ್‌ರನ್ನು ಕೊಟ್ಟರೂ ಜನಮನದಲ್ಲಿ ನಿಂತಿದ್ದು ಬ್ರೂಸ್ ಅವರ ಮುದುಕನೇ.

ಇಲ್ಲಿಂದ ಮುಂದೆ ಗ್ರನಾಡಾ ಟೆಲಿವಿಷನ್ ಬ್ರಿಟನ್ನಿನಲ್ಲಿ 1984ರಿಂದ 1994ರವರೆಗೆ ನಿರ್ಮಿಸಿದ ಮಾಲಿಕೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ನಿರ್ಮಾಪಕ ಮೈಕೆಲ್ ಕಾಕ್ಸ್ ಮೂಲ ಕಥೆಗಳಿಗೆ ನಿಷ್ಠರಾಗಿರಲು ನಿಶ್ಚಯಿಸಿದರು. ಮ್ಯಾಂಚೆಸ್ಟರಿನಲ್ಲಿ ಬೇಕರ್ ಸ್ಟ್ರೀಟನ್ನು ಕಟ್ಟಲಾಯಿತು. ಪಾತ್ರಗಳ ಅಭ್ಯಾಸ, ಊಟ, ಉಡುಪುಗಳ ವಿವರಗಳನ್ನು ಕಥೆಗಳಿಂದ ಹೆಕ್ಕಿ ಒಂದು ಕೈಪಿಡಿಯನ್ನೇ ಸಿದ್ಧಪಡಿಸಲಾಯಿತು. ಪ್ಯಾಜೆಟ್‌ರ ಚಿತ್ರಗಳ ನಿಲುವುಗಳನ್ನು ಹಲವು ದೃಶ್ಯಗಳಲ್ಲಿ ಹಾಗೆಯೇ ಮರುಸೃಷ್ಟಿಸಿದರು; ಹೋಮ್ಸ್ ಪ್ರಪಾತಕ್ಕೆ ಬೀಳುವ ಪ್ರಸಂಗವನ್ನು ಸ್ವಿಟ್ಜರ್ಲೆಂಡಿನ ರೈಕನ್‌ಬಾಕ್ ಜಲಪಾತದಲ್ಲಿಯೇ ಚಿತ್ರೀಕರಿಸಿದರು. ಒಂದು ಗಂಟೆಯ 36 ಕಂತುಗಳು, ಪೂರ್ಣ ಚಿತ್ರದ ಉದ್ದದ 5 ಕಂತುಗಳು, ಒಟ್ಟು 41.

ಹೋಮ್ಸ್ ಆಗಿ ನಟಿಸಿದ ಜೆರೆಮಿ ಬ್ರೆಟ್ ಅದಕ್ಕೆ ಮೊದಲು ಲಾಸ್ ಏಂಜಲೀಸ್‌ನ ನಾಟಕವೊಂದರಲ್ಲಿ ವಾಟ್ಸನ್ ಆಗಿದ್ದರು. ಪಕ್ಕದಲ್ಲಿ ನಿಂತು ನೋಡುವವನ ಕಷ್ಟ ಅವರಿಗೆ ತಿಳಿದಿತ್ತು ಎಂಬುದು ಆ ಮಾಲಿಕೆಯ ಉದ್ದಕ್ಕೂ ಕಾಣುತ್ತದೆ. ಮೊದಲು ಡೇವಿಡ್ ಬರ್ಕ್, 1986ರಿಂದ ಎಡ್ವರ್ಡ್ ಹಾರ್ಡ್‌ವಿಕ್, ಇಬ್ಬರೂ ವಾಟ್ಸನ್‌ನನ್ನು ಗೌರವಸ್ಥ ವೈದ್ಯನಾಗಿ, ನಿಜವಾದ ಗೆಳೆಯನಾಗಿ ಅಭಿನಯಿಸಿದರು. ಬಂದವರ ಕಥೆಯನ್ನು ವಾಟ್ಸನ್ ಶ್ರದ್ಧೆಯಿಂದ ಕೇಳುತ್ತಾನೆ, ತನ್ನದೊಂದು ಊಹೆ ಹೇಳುತ್ತಾನೆ, ಅದು ಅರ್ಧ ಸರಿಯಾಗಿಯೂ ಇರುತ್ತದೆ. ಉಳಿದರ್ಧವನ್ನು ಹೋಮ್ಸ್ ತುಂಬಿದಾಗ ನಮಗಾಗುವ ಸಂತೋಷಕ್ಕೆ ಬೆಲೆ ಬರುವುದು ಆ ಅರ್ಧದಿಂದಲೇ. ಮೂರು ವರ್ಷ ಸತ್ತನೆಂದು ನಂಬಿದ್ದ ಗೆಳೆಯ ಇದ್ದಕ್ಕಿದ್ದಂತೆ ಎದುರಿಗೆ ಬಂದಾಗ ಹಾರ್ಡ್‌ವಿಕ್ ಮೂರ್ಛೆ ಹೋಗುವ ದೃಶ್ಯದಲ್ಲಿ ಯಾರಿಗೂ ನಗು ಬರುವುದಿಲ್ಲ.

1986ರದೇ ಇನ್ನೊಂದು ಕಂತಿನಲ್ಲಿ, ನೆಪೋಲಿಯನ್ನನ ಗಾರೆಯ ಪ್ರತಿಮೆಗಳನ್ನು ಒಡೆಯುತ್ತಾ ಹೋಗುವವನ ಪ್ರಕರಣ ಬಗೆಹರಿದ ಮೇಲೆ, ಇನ್‌ಸ್ಪೆಕ್ಟರ್ ಲೆಸ್ಟ್ರೇಡ್ ಹೋಮ್ಸ್‌ನನ್ನು ಮನಸಾರೆ ಹೊಗಳುತ್ತಾನೆ. ಹೊಗಳಿಕೆಗೆ ಹೋಮ್ಸ್ ಒಂದು ಕ್ಷಣ ಕರಗಿದನೆಂದು ಪುಸ್ತಕದಲ್ಲಿ ವಾಟ್ಸನ್ ನಮಗೆ ಬಾಯಿಬಿಟ್ಟು ಹೇಳಬೇಕಾಗುತ್ತದೆ. ತೆರೆಯ ಮೇಲೆ ಬ್ರೆಟ್ ಮುಖ ತಿರುಗಿಸುತ್ತಾರೆ, ತುಟಿ ಸಣ್ಣಗೆ ಅದುರುತ್ತದೆ, ಅಷ್ಟೇ. ಕ್ಯಾಮೆರಾ ವಾಟ್ಸನ್‌ನ ಕೆಲಸವನ್ನು ಕಸಿದುಕೊಳ್ಳದೆ ಅದನ್ನು ಹಂಚಿಕೊಳ್ಳುವುದು ಹೇಗೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬ್ರೆಟ್‌ರ ಆರೋಗ್ಯ ಕೆಡುತ್ತಾ ಹೋದುದು, ಔಷಧಗಳಿಂದ ಮೈ ಊದಿದುದು ಕೊನೆಯ ವರ್ಷಗಳ ಕಂತುಗಳಲ್ಲಿ ಎದ್ದು ಕಾಣುತ್ತದೆ. ಆ ಹೊತ್ತಿಗೆ ಕಥೆಗಳೂ ಮೂಲದಿಂದ ದೂರ ಸರಿದಿದ್ದವು. 1995ರಲ್ಲಿ, 61ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

2009 ಮತ್ತು 2011ರ ಗೈ ರಿಚಿ ಚಿತ್ರಗಳು ಹೋಮ್ಸ್‌ನನ್ನು ಸಾಹಸದ ನಾಯಕನನ್ನಾಗಿಸಿದವು. 2010ರಿಂದ 2017ರವರೆಗೆ 13 ಕಂತುಗಳಲ್ಲಿ ಬಂದ ಬಿಬಿಸಿ ಮಾಲಿಕೆ ಅವನನ್ನು ಇಂದಿನ ಲಂಡನ್ನಿಗೆ ತಂದಿತು. ಮಾರ್ಟಿನ್ ಫ್ರೀಮನ್‌ರ ವಾಟ್ಸನ್ ಅಲ್ಲಿಯೂ ಆಫ್ಘಾನಿಸ್ತಾನದಿಂದ ಗಾಯಗೊಂಡು ಮರಳಿದವನೇ, ಮತ್ತು ಅವರ ಅಭಿನಯ ತುಂಬ ಸೊಗಸು. ಆದರೆ ಹೋಮ್ಸ್‌ನ ಆಲೋಚನೆಗಳು ಅಕ್ಷರಗಳಾಗಿ ತೆರೆಯ ಮೇಲೆ ತೇಲಿಬರುವ ತಂತ್ರ ನಮ್ಮನ್ನು ವಾಟ್ಸನ್‌ನ ಪಕ್ಕದಿಂದ ಎಬ್ಬಿಸಿ ಹೋಮ್ಸ್‌ನ ತಲೆಯೊಳಗೆ ಕೂರಿಸುತ್ತದೆ. ಅಲ್ಲಿ ಎಲ್ಲವೂ ಎಷ್ಟು ವೇಗವಾಗಿ ಸಾಗುತ್ತದೆಂದರೆ ತರ್ಕವನ್ನು ಪರಿಶೀಲಿಸಲು ಪುರುಸೊತ್ತೇ ಸಿಗುವುದಿಲ್ಲ, ಒಪ್ಪಿಕೊಳ್ಳುವುದೊಂದೇ ಉಳಿಯುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದವರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬ ಅವರ ಪಾಠ ಕೇಳಿ ಬೆಳೆದ ಈ ಭಾಗದ ಪ್ರೇಕ್ಷಕರಿಗೆ, ಹೆಜ್ಜೆ ಹೆಜ್ಜೆಗೂ ಪುರಾವೆ ತೋರಿಸುವ ಹೋಮ್ಸ್‌ನೇ ಹೆಚ್ಚು ಒಗ್ಗಬೇಕು.

ಹಾಗಿದ್ದರೂ ಅವರಿಗೆ ಮೊದಲು ಸಿಕ್ಕಿದ್ದು ವೇಗದ ಹೋಮ್ಸ್. ಇದಕ್ಕೆ ಭಾಷೆಯ ಹಿನ್ನೆಲೆಯೂ ಇದೆ. 1960ರ ದಶಕದಿಂದ ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ನಿಲುವು ಗಟ್ಟಿಯಾಯಿತು. ಆಗಿನ್ನೂ ಎಳೆಯದಾಗಿದ್ದ ಕನ್ನಡ ಚಿತ್ರರಂಗವನ್ನು ಉಳಿಸಿಕೊಳ್ಳುವ ಕಾಳಜಿ ಅದರ ಹಿಂದಿತ್ತು. ಭಾರತ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ನೀಡಿದ ನಂತರವೇ ದಾರಿ ತೆರೆಯತೊಡಗಿದ್ದು. ನಡುವಿನ ಅರ್ಧ ಶತಮಾನದಲ್ಲಿ ಮುಳಬಾಗಿಲು, ಬಾಗೇಪಲ್ಲಿಯಂಥ ಗಡಿ ಊರುಗಳಿಗೆ ಹಾಲಿವುಡ್ ಚಿತ್ರಗಳು ತೆಲುಗಿನಲ್ಲಿಯೂ ಕೆಜಿಎಫ್‌ನ ಮನೆಗಳಿಗೆ ತಮಿಳಿನಲ್ಲಿಯೂ ತಲುಪಿದವು, ಮತ್ತು ಹಾಗೆ ತಲುಪಿದವುಗಳಲ್ಲಿ ಹೊಡೆದಾಟದ ಚಿತ್ರಗಳೇ ಹೆಚ್ಚು. ಮಾತಿನ ಮೇಲೆ, ಮೌನದ ಮೇಲೆ ನಿಂತ ಬ್ರೆಟ್‌ರ ಹೋಮ್ಸ್ ಇಂಗ್ಲಿಷನ್ನು ಸಲೀಸಾಗಿ ಗ್ರಹಿಸಬಲ್ಲ ಕೆಲವರ ಪಾಲಾಗಿಯೇ ಉಳಿದನು.

ಪತ್ತೇದಾರಿಯ ರುಚಿ ಇಲ್ಲಿ ಇರಲಿಲ್ಲವೆಂದಲ್ಲ. 1950ರ ದಶಕದಿಂದ ಕಾದಂಬರಿಕಾರ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಊರೂರುಗಳಲ್ಲಿ ಕೈಯಿಂದ ಕೈಗೆ ದಾಟಿದ್ದಾನೆ. ಬಂಗಾಳದ ಕಥೆಗಳಲ್ಲಿ ಪತ್ತೇದಾರ ವ್ಯೋಮಕೇಶನಿಗೆ ಅಜಿತ, ಫೆಲುದಾನಿಗೆ ತೋಪ್ಷೆ ಎಂಬ ನಿರೂಪಕ ಜೊತೆಗಾರರು ಸಿಕ್ಕರು. ಸತ್ಯಜಿತ್ ರಾಯ್ ಸ್ವತಃ ಫೆಲುದಾನನ್ನು 1974ರಲ್ಲಿ ತೆರೆಗೆ ತಂದರು. ಕನ್ನಡದಲ್ಲಿ 2019 ಮತ್ತು 2020ರಲ್ಲಿ ಬಂದ ‘ಬೆಲ್ ಬಾಟಮ್’, ‘ಶಿವಾಜಿ ಸುರತ್ಕಲ್’ ಚಿತ್ರಗಳಿಗೆ ಸಿಕ್ಕ ಸ್ವಾಗತ ಪತ್ತೇದಾರನಿಗಾಗಿ ಪ್ರೇಕ್ಷಕರು ಕಾದಿದ್ದರೆಂಬುದನ್ನು ತೋರಿಸಿತು.

ಹಕ್ಕುಸ್ವಾಮ್ಯದ ಗೋಜಲೂ ಈಗ ಬಿಡಿಸಿಕೊಂಡಿದೆ. ಅಮೆರಿಕದಲ್ಲಿ ಕೊನೆಯ ಕಥೆಗಳ ಮೇಲಿನ ಹಕ್ಕಿನ ವ್ಯಾಜ್ಯ ನ್ಯಾಯಾಲಯಗಳವರೆಗೂ ಹೋಗಿತ್ತು. 2023ರ ಜನವರಿ 1ರಂದು ಅಲ್ಲಿಯೂ ಅವಧಿ ಮುಗಿಯಿತು. ಡಾಯ್ಲ್ ತೀರಿಕೊಂಡದ್ದು 1930ರಲ್ಲಾದ್ದರಿಂದ ಭಾರತದಲ್ಲಿ ಅದು 1980ರ ಕೊನೆಗೇ ಮುಗಿದಿತ್ತು. ಹೋಮ್ಸ್‌ನನ್ನು ಕನ್ನಡದ ಧಾರಾವಾಹಿಯಾಗಿಸಲು, ವೆಬ್ ಸರಣಿಯಾಗಿಸಲು ಯಾರ ಅನುಮತಿಯೂ ಬೇಕಿಲ್ಲ. ಅಂಥ ಕೆಲಸಕ್ಕೆ ಕೈಹಾಕುವವರು ಹೋಮ್ಸ್‌ನ ಪಾತ್ರಧಾರಿಗಿಂತ ಮೊದಲು, ಎದುರಿನವರ ಮಾತನ್ನು ಗಮನವಿಟ್ಟು ಕೇಳುತ್ತಾ ಕೂರಬಲ್ಲ ನಟನೊಬ್ಬನನ್ನು ವಾಟ್ಸನ್ ಪಾತ್ರಕ್ಕೆ ಹುಡುಕಿಕೊಳ್ಳಬೇಕಾಗುತ್ತದೆ.