ಪಟ್ಟಿಯಲ್ಲಿ ಹೆಸರು ಸಿಗದ ವರ

ಸಭಾಪಾಲನೆಯ ಕೆಲಸದಲ್ಲಿ ನನ್ನ ಕಿವಿಗೆ ಪದೇ ಪದೇ ಬೀಳುವ ಮಾತೆಂದರೆ, “ಪಾಸ್ಟರ್, ನನಗೆ ಯಾವ ವರವೂ ಇಲ್ಲ” ಎಂಬುದು. ವರವೆಂದರೆ ಇಲ್ಲಿ ಪವಿತ್ರಾತ್ಮನು ವಿಶ್ವಾಸಿಗಳಿಗೆ ಕೊಡುವ ಸಾಮರ್ಥ್ಯ. ಹೀಗೆನ್ನುವವರು ಸಾಮಾನ್ಯವಾಗಿ ಸಭೆಯಲ್ಲಿ ಕೈಕಟ್ಟಿ ಕುಳಿತವರಲ್ಲ ಎಂಬುದೇ ಸೋಜಿಗ. ಒಮ್ಮೆ ಇದನ್ನೇ ಹೇಳಿದ ಹಿರಿಯ ತಾಯಿಯೊಬ್ಬರ ಬೈಬಲಿನಲ್ಲಿ ಮಡಿಚಿಟ್ಟ ಚೀಟಿಯೊಂದಿತ್ತು. ಆ ದಿನ ಆರಾಧನೆಗೆ ಬಾರದವರ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದುಕೊಂಡು, ಸಂಜೆಯೊಳಗೆ ಒಬ್ಬೊಬ್ಬರನ್ನೂ ವಿಚಾರಿಸಿ ಗುರುತು ಹಾಕುವುದು ಅವರ ವಾಡಿಕೆ. ಅನ್ಯಭಾಷೆಯಲ್ಲಿ, ಅಂದರೆ ಆತ್ಮನ ಪ್ರೇರಣೆಯಿಂದ ತಾವು ಕಲಿಯದ ಭಾಷೆಯಲ್ಲಿ, ಮಾತನಾಡಲು ತಮಗೆ ಬಾರದ ಕಾರಣ ಆತ್ಮನು ತಮ್ಮನ್ನು ದಾಟಿ ಹೋಗಿದ್ದಾನೆಂದು ಅವರು ನಂಬಿದ್ದರು.

ಸುಮಾರು ಕ್ರಿ.ಶ. 55ರಲ್ಲಿ ಅಪೊಸ್ತಲನಾದ ಪೌಲನು ಗ್ರೀಸಿನ ಕೊರಿಂಥ ಪಟ್ಟಣದ ಸಭೆಯವರಿಗೆ ಮೊದಲನೆಯ ಪತ್ರಿಕೆಯನ್ನು ಬರೆದಾಗ ಅಲ್ಲಿಯೂ ಇದೇ ತೊಡಕಿತ್ತು. ಕಣ್ಣಿಗೆ ಕಾಣುವ ವರವುಳ್ಳವರು ಮೇಲಾದರು, ಉಳಿದವರು ಕುಗ್ಗಿದರು. 12ನೆಯ ಅಧ್ಯಾಯದಲ್ಲಿ ಅವನು ಜ್ಞಾನವಾಕ್ಯದಿಂದ ಹಿಡಿದು ಭಾಷೆಗಳ ಅರ್ಥ ಹೇಳುವ ಶಕ್ತಿಯವರೆಗೆ 9 ವರಗಳನ್ನು ಎಣಿಸುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ 7 ಇವೆ. ಎರಡೂ ಕಡೆ ಇರುವುದು ಪ್ರವಾದನೆ, ಅಂದರೆ ದೇವರ ಪ್ರೇರಣೆಯಿಂದ ಮಾತು ತಿಳಿಸುವುದು, ಒಂದೇ. ಒಬ್ಬನೇ ಬರೆದ ಪಟ್ಟಿಗಳು ಇಷ್ಟು ಬೇರೆಯಾಗಿರುವಾಗ ಅವು ಉದಾಹರಣೆಗಳೇ ಹೊರತು ಪೂರ್ಣ ಲೆಕ್ಕವಲ್ಲವೆಂದು ತಿಳಿಯುವುದೇ ಸರಿ. ಪ್ರಶ್ನಾವಳಿಯೊಂದನ್ನು ತುಂಬಿಸಿ, ಅಂಕಗಳನ್ನು ಕೂಡಿಸಿ ‘ನಿಮ್ಮ ವರ ಇಂಥದು’ ಎಂದು ತಿಳಿಸುವ ಪದ್ಧತಿಯ ಮೇಲೆ ನನಗೆ ಭರವಸೆ ಕಡಿಮೆ, ಏಕೆಂದರೆ ಅದು ನಮ್ಮ ಬಗ್ಗೆ ನಮಗಿರುವ ಅಭಿಪ್ರಾಯವನ್ನೇ ನಮಗೆ ಹಿಂದಿರುಗಿಸುತ್ತದೆ.

ಕೊರಿಂಥದವರಿಗೆ ಬರೆದ ಆ 12ನೆಯ ಅಧ್ಯಾಯದ 28ನೆಯ ವಚನವನ್ನು ನಾವು ಅವಸರದಲ್ಲಿ ಓದಿಬಿಡುತ್ತೇವೆ. ಅದ್ಭುತಗಳನ್ನೂ ವಾಸಿಮಾಡುವ ವರಗಳನ್ನೂ ಹೇಳಿದ ಮೇಲೆ ಪೌಲನು ಎರಡು ಸಾಧಾರಣ ಪದಗಳನ್ನು ಇಡುತ್ತಾನೆ. ಗ್ರೀಕಿನಲ್ಲಿ ಒಂದು ‘ಆಂಟಿಲೆಂಪ್ಸಿಸ್’, ಅಂದರೆ ಕೈಹಿಡಿದು ಆಸರೆಯಾಗುವುದು. ಇನ್ನೊಂದು ‘ಕುಬೆರ್ನೆಸಿಸ್’, ಹಡಗಿನ ಚುಕ್ಕಾಣಿ ಹಿಡಿಯುವವನ ಕೆಲಸದಿಂದ ಬಂದ ಮಾತು, ಸಭೆಯಲ್ಲಿ ಆಡಳಿತ ನಡೆಸುವುದಕ್ಕೆ ಅವನು ಬಳಸಿದ್ದು. ಅನ್ಯಭಾಷೆಗಳು ಬರುವುದು ಇವುಗಳ ನಂತರ. ಮುಂದೆ “ಎಲ್ಲರೂ ಭಾಷೆಗಳನ್ನಾಡುವರೋ?” ಎಂದು ಕೇಳುವಾಗ ‘ಇಲ್ಲ’ ಎಂಬ ಉತ್ತರವನ್ನು ಮೂಲದ ವಾಕ್ಯರಚನೆಯೇ ನಿರೀಕ್ಷಿಸುತ್ತದೆ. (ಆತ್ಮನ ದೀಕ್ಷಾಸ್ನಾನದ, ಅಂದರೆ ಆತ್ಮನಿಂದ ತುಂಬಲ್ಪಡುವ ಅನುಭವದ, ಗುರುತಾದ ಅನ್ಯಭಾಷೆ ಬೇರೆ, ಸಭೆಯಲ್ಲಿ ಬಳಸುವ ವರ ಬೇರೆ ಎಂದು ಅನೇಕ ಪೆಂತೆಕೋಸ್ತ ಸಭೆಗಳು ಬೋಧಿಸುತ್ತವೆ, ಇಂಥ ವರಗಳು ಅಪೊಸ್ತಲರ ಕಾಲಕ್ಕೇ ನಿಂತುಹೋದವೆನ್ನುವವರೂ ಇದ್ದಾರೆ. ಆ ವಾದ ಇಲ್ಲಿ ಬೇಡ.)

ವರ ಎಂದು ನಾವು ಅನುವಾದಿಸುವ ‘ಖರಿಸ್ಮ’ ಎಂಬ ಪದದೊಳಗೆ ಕೃಪೆ ಎಂಬರ್ಥದ ‘ಖರಿಸ್’ ಇದೆ. ಆದ್ದರಿಂದ ಅದು ದುಡಿದು ಪಡೆದ ಬಿರುದೂ ಅಲ್ಲ, ನಡತೆಗೆ ಕೊಟ್ಟ ಪ್ರಮಾಣಪತ್ರವೂ ಅಲ್ಲ. ಯಾವ ವರದಲ್ಲಿಯೂ ಕೊರತೆಯಿಲ್ಲದವರೆಂದು ಮೊದಲನೆಯ ಅಧ್ಯಾಯದಲ್ಲಿ ಹೇಳಿಸಿಕೊಂಡ ಕೊರಿಂಥದವರೇ, ಹೊಟ್ಟೆಕಿಚ್ಚು ಜಗಳಗಳ ದೆಸೆಯಿಂದ ಮೂರನೆಯ ಅಧ್ಯಾಯದಲ್ಲಿ ಕೂಸುಗಳೆನಿಸಿಕೊಳ್ಳುತ್ತಾರೆ. ವರವನ್ನು ಕಂಡು ಮರುಳಾಗಿ, ಮಾಗದವರ ಕೈಗೆ ಸಭೆಯ ಹೊಣೆಯನ್ನು ಒಪ್ಪಿಸುವ ತಪ್ಪನ್ನು ನಾನೂ ಮಾಡಿದ್ದೇನೆ. ಅದನ್ನು ಸರಿಪಡಿಸಲು ವರ್ಷಗಳೇ ಹಿಡಿದವು.

ಹೀಗಾಗಿ ಯಾರಾದರೂ ತಮ್ಮ ವರ ಯಾವುದೆಂದು ಕೇಳಿದರೆ, ಅವರಿಗೆ ಏನು ಅನುಭವವಾಯಿತೆಂದು ನಾನು ಮೊದಲು ವಿಚಾರಿಸುವುದಿಲ್ಲ; ಅವರಿಂದ ಯಾರಿಗೆ ಬಲ ಬಂತೆಂದು ವಿಚಾರಿಸುತ್ತೇನೆ. ವರ ಕೊಡಲ್ಪಟ್ಟಿರುವುದು ಎಲ್ಲರ ಪ್ರಯೋಜನಕ್ಕಾಗಿ ಎಂದು 12ನೆಯ ಅಧ್ಯಾಯದ 7ನೆಯ ವಚನ ಹೇಳುವುದರಿಂದ, ಅದರ ಸುಳಿವು ಪಡೆದವನಿಗಿಂತ ಮೊದಲು ಪಕ್ಕದವನಿಗೆ ಸಿಗುವುದುಂಟು.

ಆ ತಾಯಿಗೆ 28ನೆಯ ವಚನವನ್ನು ಓದಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅನ್ಯಭಾಷೆಗಾಗಿ ಪ್ರಾರ್ಥಿಸುವುದನ್ನು ಬಿಡಲೇ?” ಎಂದು ಕೇಳಿದರು. ವರಗಳನ್ನು ಆಸಕ್ತಿಯಿಂದ ಬಯಸಿರೆಂದು 14ನೆಯ ಅಧ್ಯಾಯದ ಮೊದಲಲ್ಲೇ ಹೇಳಿದೆಯಲ್ಲ, ಬಿಡಬೇಡಿ ಅಮ್ಮ ಎಂದೆ. ಚೀಟಿಯಲ್ಲಿ ಎರಡು ಹೆಸರುಗಳಿಗೆ ಇನ್ನೂ ಗುರುತು ಬಿದ್ದಿರಲಿಲ್ಲ. ಕತ್ತಲಾಗುವುದರೊಳಗೆ ಹೋಗಿಬರುತ್ತೇನೆಂದು ಅವರು ಎದ್ದರು.