ಪಿಡಿಎಫ್ ಸಿಕ್ಕರೆ ಸಾಲದು, ಅದು ಓದಿಸಿಕೊಳ್ಳಬೇಕು

ಪದವಿ ಕಾಲೇಜುಗಳ ಅಧ್ಯಾಪಕರು ತಯಾರಿಸುವ ಕಲಿಕಾ ಸಾಮಗ್ರಿಯನ್ನು ಪ್ರಕಟಣೆಗೆ ಮುನ್ನ ತಪಾಸಣೆ ಮಾಡುವುದು ನನ್ನ ಕೆಲಸದ ಒಂದು ಭಾಗ. ಕಡತ ಕೈಗೆ ಬಂದ ಕೂಡಲೇ ನಾನು ವಿಷಯ ಓದುವುದಿಲ್ಲ. ಒಂದು ಪ್ಯಾರಾವನ್ನು ನಕಲು ಮಾಡಿ ಖಾಲಿ ಪುಟದಲ್ಲಿ ಅಂಟಿಸುತ್ತೇನೆ. ಕನ್ನಡ ಕನ್ನಡವಾಗಿಯೇ ಬಂದರೆ ಮುಂದಿನ ಮಾತು. ಎಷ್ಟೋ ಸಲ ಅಲ್ಲಿ ಬೀಳುವುದು ಇಂಗ್ಲಿಷ್ ಅಕ್ಷರಗಳು, ಪೌಂಡ್ ಚಿಹ್ನೆ, ನೆತ್ತಿಯ ಮೇಲೆ ಗೆರೆ ಹೊತ್ತ 'ಎ'ಗಳ ರಾಶಿ.

ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಡಿಟಿಪಿ ಮಾಡಿದ ಪಠ್ಯಗಳ ಸ್ಥಿತಿ ಇದು. ಆ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸುತ್ತಿದ್ದವು. ನಮ್ಮ ಕಣ್ಣಿಗೆ ಕನ್ನಡ ಕಾಣುತ್ತದೆ, ಕಂಪ್ಯೂಟರಿಗೆ ಕಾಣುವುದು ಒಳಗಿನ ಸಂಕೇತ ಮಾತ್ರ. ಕಣ್ಣು ಕಾಣದ ವಿದ್ಯಾರ್ಥಿನಿಯ ಸ್ಕ್ರೀನ್ ರೀಡರ್, ಅಂದರೆ ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ, ಆ ಸಂಕೇತವನ್ನೇ ಗಟ್ಟಿಯಾಗಿ ಓದುತ್ತದೆ. ಭಾರತದ ಸಂವಿಧಾನದ ಬಗ್ಗೆ ಹದಿನೈದು ಪುಟ ಬರೆದಿದ್ದರೂ ಆಕೆಯ ಕಿವಿಗೆ ಬೀಳುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡ್ 1991ರಲ್ಲಿ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದೆ. ಆದರೂ ಹಳೆಯ ಕಡತಗಳಿಗೆ ಹೊಸ ರಕ್ಷಾಪುಟ ಹಾಕಿ 'ಎಲ್ಲರಿಗೂ ಮುಕ್ತ' ಎಂದು ಜಾಲತಾಣಕ್ಕೆ ಏರಿಸುವುದು ನಿಂತಿಲ್ಲ.

ಆಕೆಯ ಕೈಯಲ್ಲಿರುವ ಸಾಧನಕ್ಕೂ ದುಡ್ಡು ಬೇಕಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರನ್ನು 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಆರಂಭಿಸಿದರು. ಅವರು ಸ್ವತಃ ಅಂಧರು. ಅದು ಉಚಿತ, ಅದರ ಮೂಲ ಸಂಕೇತವೂ ಬಯಲಲ್ಲೇ ಇದೆ. ಅದರೊಡನೆ ಬರುವ ಇಸ್ಪೀಕ್ ಎಂಬ ಧ್ವನಿ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಓದುವ ಸಾಧನ ಉಚಿತ, ಪುಸ್ತಕವೂ ಉಚಿತ, ಆದರೂ ಓದು ನಡೆಯುವುದಿಲ್ಲ. ಇಂಥ ಕಡತವನ್ನು ಮುಕ್ತ ಸಂಪನ್ಮೂಲ, ಅಂದರೆ ಯಾರು ಬೇಕಾದರೂ ಉಚಿತವಾಗಿ ಬಳಸಿ ಹಂಚಬಹುದಾದ ಸಾಮಗ್ರಿ, ಎಂದು ಲೆಕ್ಕಕ್ಕೆ ಹಿಡಿಯುವುದು ನನ್ನಿಂದ ಆಗದು.

ಯೂನಿಕೋಡಿಗೆ ಪರಿವರ್ತಿಸಿದರೆ ಮುಗಿಯಿತು ಎಂದು ಹಲವರು ನಂಬಿದ್ದಾರೆ. ಮುಗಿಯುವುದಿಲ್ಲ. 'ವರ್ಷ' ಎಂಬ ಪದವನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಮೊದಲು 'ಷ', ಆಮೇಲೆ ಅರ್ಕಾವತ್ತು. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ 'ರ್' ಮೊದಲು. ಪರಿವರ್ತಕ ಈ ಅದಲುಬದಲು ಸರಿಯಾಗಿ ಮಾಡದಿದ್ದರೆ ಅರ್ಕಾವತ್ತು ಪಕ್ಕದ ಅಕ್ಷರದ ಪಾಲಾಗುತ್ತದೆ. ಇನ್ನೊಂದು ಕಾಟ ಅನುಸ್ವಾರದ್ದು. 'ಸಂವಿಧಾನ' ಎಂದು ಬರೆಯುವಾಗ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದರೆ 'ಸ೦ವಿಧಾನ' ಎಂದಾಗುತ್ತದೆ. ಮುದ್ರಣದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದೇ ಕಷ್ಟ, ಕರಡು ತಿದ್ದುವವರ ಕಣ್ಣು ಜಾರಿ ಮುಂದೆ ಹೋಗುತ್ತದೆ. ಸ್ಕ್ರೀನ್ ರೀಡರಿಗೆ ಮಾತ್ರ ಅದು ಪದದ ನಡುವೆ ಬಂದ ಅಂಕಿ. ಹುಡುಕಾಟದಲ್ಲೂ ಆ ಪದ ಸಿಗುವುದಿಲ್ಲ. ಸ್ಕ್ಯಾನ್ ಮಾಡಿದ ಪುಟಗಳಿಂದ ಅಕ್ಷರ ಹೆಕ್ಕುವ ತಂತ್ರಾಂಶಗಳೂ ಇದೇ ತಪ್ಪು ಮಾಡುತ್ತವೆ. ಹಾಗಾಗಿ ಪರಿವರ್ತನೆಯ ನಂತರ ಯಾರಾದರೂ ಕುಳಿತು ಓದಲೇಬೇಕು, ಸಾಧ್ಯವಾದರೆ ಕಿವಿಯಿಂದ ಓದುವವರೇ ಓದಬೇಕು. ಕಣ್ಣಿಗೆ ಸಿಗದ ತಪ್ಪು ಅವರಿಗೆ ಸಿಗುತ್ತದೆ.

ಪಿಡಿಎಫ್‌ನ ತೊಂದರೆ ಇಲ್ಲಿಗೂ ನಿಲ್ಲುವುದಿಲ್ಲ. ಯೂನಿಕೋಡಿನಲ್ಲೇ ಬರೆದ ಕನ್ನಡ ಕೂಡ ಪಿಡಿಎಫ್ ಆಗುವಾಗ ಹಲವು ಸಲ ಒಳಗಿನ ಕ್ರಮ ಕಳೆದುಕೊಳ್ಳುತ್ತದೆ. ಒತ್ತಕ್ಷರಗಳು, ಸ್ವರಚಿಹ್ನೆಗಳು ಕಾಣಲು ಸರಿಯಾಗಿದ್ದು ನಕಲು ಮಾಡಿದಾಗ ಚದುರಿರುತ್ತವೆ. ಅದಕ್ಕೇ ನಾನು ಪ್ರತಿ ತರಬೇತಿಯಲ್ಲೂ ಪಟ್ಟು ಹಿಡಿದು ಕೇಳುವುದು ಒಂದನ್ನೇ: ಪಿಡಿಎಫ್ ಜೊತೆಗೆ ಮೂಲ ಕಡತವನ್ನೂ ಕೊಡಿ. ವರ್ಡ್ ಆಗಲಿ, ಓಡಿಟಿ ಆಗಲಿ, ಎಚ್‌ಟಿಎಂಎಲ್ ಆಗಲಿ, ತಿದ್ದಲು ಬರುವಂಥದ್ದು. ಅದರಲ್ಲಿ ಅಧ್ಯಾಯದ ತಲೆಬರಹಗಳಿಗೆ ಅಕ್ಷರ ದಪ್ಪ ಮಾಡಿ ಬಿಡದೆ ಹೆಡಿಂಗ್ ಶೈಲಿಯನ್ನೇ ಬಳಸಿ. ಎನ್‌ವಿಡಿಎ ಬಳಸುವವರು ಎಚ್ ಕೀಲಿ ಒತ್ತಿದರೆ ತಲೆಬರಹದಿಂದ ತಲೆಬರಹಕ್ಕೆ ಹಾರಬಹುದು. ದಪ್ಪಕ್ಷರ ಮಾತ್ರ ಇದ್ದರೆ ಮೂರನೆಯ ಅಧ್ಯಾಯ ತಲುಪಲು ಮೊದಲೆರಡನ್ನು ಕೇಳಿಸಿಕೊಳ್ಳುತ್ತಲೇ ಹೋಗಬೇಕಾದೀತು.

ಇದೆಲ್ಲ ತಾಂತ್ರಿಕ ಸೂಕ್ಷ್ಮ ಎಂದು ಕೆಲವರು ತಳ್ಳಿಹಾಕುತ್ತಾರೆ. ಸಮಾನತೆ, ವೈವಿಧ್ಯ, ಒಳಗೊಳ್ಳುವಿಕೆ ಎಂಬ ದೊಡ್ಡ ಮಾತುಗಳು ತರಗತಿಯಲ್ಲಿ ನಿಜವಾಗುವುದು, ಇಲ್ಲವೇ ಸುಳ್ಳಾಗುವುದು ಇಂಥ ಕಡೆಯೇ. ಯುನೆಸ್ಕೋ 2002ರ ತನ್ನ ಸಭೆಯಲ್ಲಿ 'ಮುಕ್ತ ಶೈಕ್ಷಣಿಕ ಸಂಪನ್ಮೂಲ' ಎಂಬ ಹೆಸರನ್ನು ಚಲಾವಣೆಗೆ ತಂದಿತು. 2019ರ ನವೆಂಬರಿನಲ್ಲಿ ಅದರ ಸದಸ್ಯ ರಾಷ್ಟ್ರಗಳು ಒಪ್ಪಿದ ಶಿಫಾರಸಿನ ಐದು ಕಾರ್ಯಕ್ಷೇತ್ರಗಳಲ್ಲಿ ಒಂದು, ಎಲ್ಲರನ್ನೂ ಒಳಗೊಳ್ಳುವ ಗುಣಮಟ್ಟದ ಸಾಮಗ್ರಿ. ನಮ್ಮಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ಕ್ಕೆ ಕಡಿಮೆಯಿಲ್ಲದಷ್ಟು ಸೀಟು ಮೀಸಲಿಡಲು ಹೇಳುತ್ತದೆ. ಸೀಟು ಸಿಕ್ಕಿ ಕಾಲೇಜಿಗೆ ಬಂದವರಿಗೆ ಓದಲು ಪುಸ್ತಕ ಇಲ್ಲದಿದ್ದರೆ ಆ ಸೀಟಿನಿಂದ ಏನು ಪ್ರಯೋಜನ?

ಕಾನೂನು ಎಲ್ಲಿಯವರೆಗೆ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಅಧ್ಯಾಪಕರು ಅರಿತಿರಬೇಕು. 2012ರ ತಿದ್ದುಪಡಿಯಿಂದ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಸೇರಿತು. ಅದರಂತೆ ಯಾವುದೇ ಕೃತಿಯನ್ನು ಅಂಗವಿಕಲರು ಬಳಸಬಲ್ಲ ರೂಪಕ್ಕೆ ತರಬಹುದು, ಲಾಭಕ್ಕಾಗಿ ಅಲ್ಲದಿದ್ದರೆ ಹಕ್ಕುದಾರರ ಅನುಮತಿ ಬೇಡ. ಇದೇ ಆಶಯದ ಮರ್ರಕೇಶ್ ಒಪ್ಪಂದ 2013ರಲ್ಲಿ ರೂಪುಗೊಂಡಾಗ ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ. ಇದು ಹೆಮ್ಮೆಯ ಸಂಗತಿ. ಆದರೆ ಈ ವಿನಾಯಿತಿ ಅಂಗವಿಕಲರಿಗಾಗಿ ಮಾತ್ರ. ದ್ವಿತೀಯ ಪಿಯುವರೆಗೆ ಕನ್ನಡದಲ್ಲೇ ಓದಿ, ಪದವಿಯಲ್ಲಿ ಏಕಾಏಕಿ ಇಂಗ್ಲಿಷ್ ಪುಸ್ತಕದ ಎದುರು ಕುಳಿತ ಹುಡುಗನಿಗೆ ಅದು ಅನ್ವಯಿಸುವುದಿಲ್ಲ. ಅವನಿಗಾಗಿ ಆ ಪುಸ್ತಕವನ್ನು ಅನುವಾದಿಸಿ ಪ್ರಕಟಿಸಬೇಕಾದರೆ ಪ್ರಕಾಶಕರ ಅನುಮತಿ ಬೇಕು, ಅಥವಾ ಪರವಾನಗಿ ಕೋರುವ ಉದ್ದದ ದಾರಿ ಹಿಡಿಯಬೇಕು. ಮನೆಯಲ್ಲಿ ಓದಿದವರಿಲ್ಲದೆ ಮೊದಲ ತಲೆಮಾರಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಹೆಚ್ಚಿನ ಮಕ್ಕಳ ಪಾಡು ಇದು. ಅವರ ಮಟ್ಟಿಗೆ ಮುಕ್ತ ಪರವಾನಗಿ, ಅಂದರೆ ಕೃತಿಯನ್ನು ಬಳಸಲು ಹಕ್ಕುದಾರರು ಎಲ್ಲರಿಗೂ ಮೊದಲೇ ಕೊಟ್ಟಿರುವ ಅನುಮತಿ, ಉಪಕಾರವಲ್ಲ, ಇರುವ ನೇರ ದಾರಿ ಅದೊಂದೇ.

ಅಲ್ಲೂ ಪರವಾನಗಿಯ ಹೆಸರನ್ನು ನೋಡಿಕೊಳ್ಳಬೇಕು. ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ 2002ರಿಂದ ನೀಡುತ್ತಿರುವ ಇಂಥ ಪರವಾನಗಿಗಳಲ್ಲಿ 'ಎನ್‌ಡಿ' ಎಂಬ ಎರಡಕ್ಷರ ಇದ್ದರೆ ಕೃತಿಯನ್ನು ಮಾರ್ಪಡಿಸಿ ಹಂಚುವಂತಿಲ್ಲ. ಅನುವಾದವೂ ಮಾರ್ಪಾಡೇ. ಅಧ್ಯಾಪಕರು ತಮ್ಮ ಬರಹಕ್ಕೆ ಪರವಾನಗಿ ಆರಿಸುವಾಗ ಭಯದಿಂದ ಇದನ್ನೇ ಆರಿಸುವುದನ್ನು ಕಂಡಿದ್ದೇನೆ: ಯಾರಾದರೂ ಹಾಳುಮಾಡಿದರೆ, ನನ್ನ ಹೆಸರಿನಲ್ಲಿ ಏನಾದರೂ ಸೇರಿಸಿದರೆ? ಭಯ ಸಹಜ. ಆದರೆ ಕರ್ತೃವಿನ ಹೆಸರು ಹೇಳಿ ಕೃತಿಯನ್ನು ಬಳಸಲು, ಬದಲಿಸಲು ಬಿಡುವ 'ಸಿಸಿ ಬೈ' ಪರವಾನಗಿಯ ಈಗಿನ ಆವೃತ್ತಿಯಲ್ಲೂ ಬದಲಾವಣೆ ಮಾಡಿದವರು ಹಾಗೆ ಮಾಡಿದ್ದೇವೆ ಎಂದು ನಮೂದಿಸಲೇಬೇಕು, ಮೂಲ ಲೇಖಕರು ಬಯಸಿದರೆ ತಮ್ಮ ಹೆಸರು ತೆಗೆಸಬಹುದು. ಅದನ್ನು ಆಧರಿಸಿದ ಕೆಲಸವೂ ಮುಕ್ತವಾಗಿಯೇ ಉಳಿಯಬೇಕೆಂದರೆ 'ಬೈ ಎಸ್‌ಎ' ಇದೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಪ್ಪಿಸಿದಾಗ ಆರಿಸಿದ್ದು ಇದನ್ನೇ. ಕನ್ನಡ ವಿಕಿಪೀಡಿಯದ ಲೇಖನಗಳಿಗೆ ಆ ಬರಹಗಳು ಆಧಾರವಾಗಲು ಸಾಧ್ಯವಾದದ್ದು ಅದರಿಂದ.

ಈಗ ಪುಸ್ತಕದ ಒಳಗಿನ ಮಾತಿಗೆ ಬರೋಣ. ಲೆಕ್ಕಶಾಸ್ತ್ರದ ಪಾಲುದಾರಿಕೆಯ ಲೆಕ್ಕಗಳಲ್ಲಿ ಬಂಡವಾಳ ಹಾಕುವವರು ರಾಮ ಮತ್ತು ಶ್ಯಾಮ, ಮನೆಖರ್ಚಿನ ಲೆಕ್ಕ ಬಂದಾಗ ಮಾತ್ರ ಸೀತಾ. ಅಂಗವಿಕಲರು ಕಾಣಿಸುವುದು ದಾನಧರ್ಮದ ಉದಾಹರಣೆಯಲ್ಲಿ. ಇವನ್ನು ತಿದ್ದುವುದು ಸುಲಭ, ತಿದ್ದಲೇಬೇಕು. ಆದರೆ ಹೆಸರು ಬದಲಿಸಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಸಮಾಜಶಾಸ್ತ್ರದ ಅಧ್ಯಾಪಕರು ಎದುರಿಸುವ ಪ್ರಶ್ನೆ ಇನ್ನೂ ಆಳದ್ದು. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪ್ರಕಟಿಸಿದ ಸಮಾಜಶಾಸ್ತ್ರದ ಪರಿಚಯಾತ್ಮಕ ಪಠ್ಯ ಸಿಸಿ ಬೈ ಪರವಾನಗಿಯಲ್ಲಿದೆ, ಬರವಣಿಗೆ ತಿಳಿಯಾಗಿದೆ. ಅದರ ಜನಾಂಗದ ಅಧ್ಯಾಯದಲ್ಲಿ 'ಜನಾಂಗ' ಇದ್ದಲ್ಲೆಲ್ಲ 'ಜಾತಿ' ಎಂದು ಹಾಕಿದರೆ ನಮ್ಮ ಪಠ್ಯವಾಗುತ್ತದೆಯೇ? ಆಗುವುದಿಲ್ಲ. ಎರಡರ ಚರಿತ್ರೆ ಬೇರೆ, ಶ್ರೇಣಿಯ ಸ್ವರೂಪ ಬೇರೆ, ಮದುವೆ ಮತ್ತು ಕಸುಬುಗಳ ಮೂಲಕ ಅವು ಉಳಿದುಕೊಳ್ಳುವ ಬಗೆ ಬೇರೆ. ಆ ಅಧ್ಯಾಯವನ್ನು ಹೋಲಿಕೆಗಾಗಿ ಹಾಗೆಯೇ ಉಳಿಸಿಕೊಂಡು ಜಾತಿಯ ಬಗ್ಗೆ ಹೊಸದಾಗಿ ಬರೆಯುವುದೇ ಸರಿ.

ಬರೆಯಲು ಆಕರವೂ ಮುಕ್ತವಾಗಿಯೇ ಇದೆ. ನಮ್ಮ ಕಾಯ್ದೆಯಲ್ಲಿ ಕೃತಿಸ್ವಾಮ್ಯ ಲೇಖಕರ ನಿಧನದ ನಂತರದ 60 ವರ್ಷಗಳವರೆಗೆ. ಡಾ. ಬಿ.ಆರ್. ಅಂಬೇಡ್ಕರ್ ತೀರಿಕೊಂಡದ್ದು 1956ರ ಡಿಸೆಂಬರ್ 6ರಂದು. ಹಾಗಾಗಿ ಅವರು ಬದುಕಿದ್ದಾಗ ಪ್ರಕಟಿಸಿದ ಬರಹಗಳು 2017ರ ಜನವರಿ 1ರಿಂದ ಭಾರತದಲ್ಲಿ ಸಾರ್ವಜನಿಕ ಸ್ವತ್ತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1916ರ ಮೇ ತಿಂಗಳಲ್ಲಿ ಅವರು ಮಂಡಿಸಿದ, ಭಾರತದ ಜಾತಿಗಳ ಹುಟ್ಟು ಮತ್ತು ಬೆಳವಣಿಗೆಯ ಪ್ರಬಂಧವನ್ನು ಇಡಿಯಾಗಿ ಪಠ್ಯದಲ್ಲಿ ಸೇರಿಸಬಹುದು, ಹೊಸದಾಗಿ ಕನ್ನಡಕ್ಕೆ ತರಬಹುದು, ವಾಕ್ಯ ವಾಕ್ಯಕ್ಕೂ ಟಿಪ್ಪಣಿ ಹಾಕಬಹುದು. ಈಗಾಗಲೇ ಇರುವ ಅನುವಾದಗಳನ್ನು ಎತ್ತಿಕೊಳ್ಳುವಾಗ ಮಾತ್ರ ಎಚ್ಚರ ಬೇಕು, ಅನುವಾದಕರಿಗೆ ಅವರದೇ ಹಕ್ಕು ಇರುತ್ತದೆ. ಒಳಮದುವೆಯೇ ಜಾತಿಯ ಜೀವಾಳ ಎಂಬ ಅವರ ವಾದವನ್ನು ಗೈಡಿನ ಎರಡು ಸಾಲಿನ ಬದಲು ಅವರದೇ ತರ್ಕದ ಎಳೆ ಹಿಡಿದು ಓದಿದ ತರಗತಿಯಲ್ಲಿ ಚರ್ಚೆಯ ಮಟ್ಟವೇ ಬೇರೆಯಾಗುತ್ತದೆ. ನೂರು ವರ್ಷ ದಾಟಿದ ಆ ಬರಹ ವಿದ್ಯಾರ್ಥಿಗಳನ್ನು ಇಂದಿಗೂ ನೇರವಾಗಿ ಮಾತನಾಡಿಸುತ್ತದೆ.

ಚಿತ್ರ, ನಕ್ಷೆ, ರೇಖೆಗಳಿಗೆ ಬರಹದ ವಿವರಣೆ ಕೊಡುವುದು ಇನ್ನೊಂದು ಕೆಲಸ. 'ಚಿತ್ರ 3: ಬೇಡಿಕೆ ರೇಖೆ' ಎಂದಷ್ಟೇ ಬರೆದರೆ ಅದು ಶೀರ್ಷಿಕೆ, ವಿವರಣೆಯಲ್ಲ. 'ಅಡ್ಡ ಅಕ್ಷದಲ್ಲಿ ಈರುಳ್ಳಿಯ ಪ್ರಮಾಣ, ಲಂಬ ಅಕ್ಷದಲ್ಲಿ ಕ್ವಿಂಟಲಿನ ಬೆಲೆ. ಬೆಲೆ 2,000 ರೂಪಾಯಿ ಇದ್ದಾಗ ಬೇಡಿಕೆ 40 ಕ್ವಿಂಟಲ್, 1,000ಕ್ಕೆ ಇಳಿದಾಗ 90 ಕ್ವಿಂಟಲ್. ರೇಖೆ ಎಡದ ಮೇಲ್ತುದಿಯಿಂದ ಬಲದ ಕೆಳತುದಿಗೆ ಇಳಿಯುತ್ತದೆ' ಎಂದು ಬರೆದರೆ ಕಣ್ಣಿಲ್ಲದವರಿಗೂ ರೇಖೆ ದಕ್ಕುತ್ತದೆ. ಇಂಥ ವಾಕ್ಯಗಳನ್ನು ಕಣ್ಣಿರುವ ವಿದ್ಯಾರ್ಥಿಗಳೂ ಪರೀಕ್ಷೆಗೆ ಓದಿಕೊಳ್ಳುತ್ತಾರೆ. ರೇಖೆ ಎಳೆಯಲು ಬಂದರೂ ಅದನ್ನು ಕನ್ನಡದಲ್ಲಿ ಹೇಗೆ ವಿವರಿಸುವುದು ಎಂದು ಪುಸ್ತಕ ಅವರಿಗೆ ತೋರಿಸಿರುವುದಿಲ್ಲ. ವಿಡಿಯೊ ಪಾಠಗಳಿಗೂ ಬರಹರೂಪ ಜೊತೆಗಿರಲಿ. ಕಿವಿ ಕೇಳಿಸದವರಿಗೆ ಅದು ಬೇಕೇ ಬೇಕು, ಡೇಟಾ ಮುಗಿದವರಿಗೂ ಬೇಕು.

ಈ ಕೆಲಸವನ್ನು ಯಾರು ಮಾಡಬೇಕು ಎಂಬಲ್ಲಿಗೆ ಬಂದಾಗ ಸಭೆಗಳಲ್ಲಿ ಮೌನ ಕವಿಯುತ್ತದೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊತ್ತವರು ಅತಿಥಿ ಉಪನ್ಯಾಸಕರು. ನೋಟ್ಸ್ ಬರೆಯುವವರೂ ಹೆಚ್ಚಾಗಿ ಅವರೇ. ವಿಭಾಗದ ಹೆಸರಿನಲ್ಲಿ ಅದು ಪ್ರಕಟವಾಗುವಾಗ ಅವರ ಹೆಸರು ಉದುರಿಹೋಗುತ್ತದೆ, ಮುಂದಿನ ವರ್ಷ ಅವರು ಆ ಕಾಲೇಜಿನಲ್ಲೇ ಇರುವುದಿಲ್ಲ. ಒಳಗೊಳ್ಳುವಿಕೆಯ ಬಗ್ಗೆ ಪಾಠ ಬರೆದವರನ್ನೇ ಹೊರಗಿಡುವ ಈ ರೂಢಿ ನನಗೆ ಸಂಕಟ ತರುತ್ತದೆ. ಕ್ರಿಯೇಟಿವ್ ಕಾಮನ್ಸಿನ ಆರೂ ಪರವಾನಗಿಗಳಲ್ಲಿ ಸಾಮಾನ್ಯವಾಗಿರುವ ಷರತ್ತು ಕರ್ತೃವಿನ ಹೆಸರು ಉಲ್ಲೇಖಿಸುವುದು. ಅದನ್ನು ನಮ್ಮ ಕಾಲೇಜುಗಳು ಅಕ್ಷರಶಃ ಪಾಲಿಸಲಿ. ಬರೆದವರು, ಅನುವಾದಿಸಿದವರು, ಚಿತ್ರಗಳಿಗೆ ವಿವರಣೆ ಕೊಟ್ಟವರು, ಸ್ಕ್ರೀನ್ ರೀಡರಿನಲ್ಲಿ ಕೇಳಿ ಕರಡು ತಿದ್ದಿದ ವಿದ್ಯಾರ್ಥಿಗಳು, ಇಷ್ಟೂ ಜನರ ಹೆಸರನ್ನು ಅವರ ಒಪ್ಪಿಗೆ ಪಡೆದು ಮೊದಲ ಪುಟದಲ್ಲೇ ಹಾಕಲಿ. ಆ ಗಂಟೆಗಳನ್ನು ಬೋಧನಾ ಅವಧಿಯ ಲೆಕ್ಕಕ್ಕೆ ಸೇರಿಸಲಿ, ಅತಿಥಿ ಉಪನ್ಯಾಸಕರಿಗೆ ಅದಕ್ಕೆ ಸಂಭಾವನೆಯನ್ನೂ ಕೊಡಲಿ.